ಹುಳಿಹೆಪ್ಪಿನ ಸದ್ಗತಿ

ಅಮೆರಿಕ ದೇಶದ ಈಶಾನ್ಯ ಭಾಗದಲ್ಲಿ ಮೇನ್, ನ್ಯೂ ಹ್ಯಾಂಪ್‌ಷೈರ್, ವರ್ಮಾಂಟ್, ಮ್ಯಾಸಚೂಸೆಟ್ಸ್, ರೋಡ್ ಐಲೆಂಡ್, ಕನೆಕ್ಟಿಕಟ್ ಎಂಬ ಆರು ಸಂಸ್ಥಾನಗಳು ಕೂಡಿ ನ್ಯೂ ಇಂಗ್ಲೆಂಡ್ ಎನ್ನಿಸಿಕೊಳ್ಳುವ ಪ್ರಾಂತವೊಂದುಂಟು. ಸೆಪ್ಟೆಂಬರಿನ ಕಡೆಯ ವಾರ ಮೊದಲ್ಗೊಂಡು ಅಕ್ಟೋಬರು ಅರ್ಧ ಕಳೆಯುವವರೆಗೆ ಅಲ್ಲಿಯ ಮೇಪಲ್ ವೃಕ್ಷಗಳು ಹರಿದ್ವರ್ಣವನ್ನು ತ್ಯಜಿಸಿ, ಬೇಸಗೆಯುದ್ದಕ್ಕೂ ಎಲೆಯೊಳಗೆ ಅಡಗಿದ್ದ ಹಳದಿಯನ್ನೂ, ಹಗಲಿನ ಬಿಸಿಲು ಮತ್ತು ಇರುಳಿನ ಚಳಿಗಳ ನಡುವೆ ಹೊಸದಾಗಿ ಹುಟ್ಟಿದ ಕೆಂಪನ್ನೂ ಬೆಟ್ಟದ ಮೇಲೆ ಬೆಟ್ಟವಾಗಿ ಹರಡಿ ತೋರುವಾಗ, ಆ ವರ್ಣವೈಭವವನ್ನು ಕಾಣಬೇಕೆಂದು ನೂರಾರು ಮೈಲಿಗಳಾಚೆಯಿಂದ ಜನ ಬರುತ್ತಾರೆ. ಬಂದವರು ಕಣ್ಣನ್ನು ಮಾತ್ರ ತಣಿಸಿಕೊಂಡು ಹಿಂತಿರುಗುವವರಲ್ಲ. ಸೇಬಿನ ತೋಟಗಳಲ್ಲಿ ತಾವೇ ಕೈಯಾರೆ ಹಣ್ಣು ಬಿಡಿಸಿ ಬುಟ್ಟಿಗೆ ತುಂಬಿಕೊಂಡು, ತೋಟದಂಚಿನ ಗಾಣದಮನೆಯಲ್ಲಿ ಆಗತಾನೆ ಹಿಂಡಿದ ಸೈಡರನ್ನು ಕುಡಿದು, ಅದರ ಮಗ್ಗುಲಲ್ಲೇ ಕರಿದು ದಾಲ್ಚಿನ್ನಿ ಬೆರಸಿದ ಸಕ್ಕರೆಯಲ್ಲಿ ಹೊರಳಿಸಿ ಕಾಗದದ ಚೀಲಗಳಲ್ಲಿ ಕೊಡುವ ಬಿಸಿ ಡೋನಟ್ಟುಗಳನ್ನು ಅಲ್ಲಿಯೇ ನಿಂತು ತಿಂದ ಮೇಲೆಯೇ ಶರತ್ಕಾಲದ ಯಾತ್ರೆ ಸಾಂಗವಾಯಿತೆಂದು ಅವರು ಭಾವಿಸುವುದು. ವರ್ಮಾಂಟಿನ ವಾಟರ್‌ಬರಿ ಸೆಂಟರಿನಲ್ಲಿರುವ ಕೋಲ್ಡ್ ಹಾಲೋ ಎಂಬ ಸೈಡರ್ ಗಾಣದಮನೆಯಂತೂ ಈ ತಿಂಡಿಯಿಂದಲೇ ದೇಶವಿಖ್ಯಾತವಾಗಿದೆ.

ತೋಟದ ಬಾಗಿಲಲ್ಲಿ ಕೊಂಡು ತಿನ್ನುತ್ತಿದ್ದ ಈ ಭಕ್ಷ್ಯವನ್ನು ಮನೆಯ ಓವನ್ನಿನಲ್ಲಿಯೇ ಬೇಯಿಸಿಕೊಳ್ಳುವ ಪರಿಪಾಠವೊಂದು ಈಚಿನ ವರ್ಷಗಳಲ್ಲಿ ಬಲವಾಗಿ ಬೆಳೆದಿದೆ. ಅದರಲ್ಲಿ ಹೊಸತೆಂದು ತೋರುವ ಅಂಶ ಯಾವುದೆಂದರೆ, ಸೌರ್‌ಡೋ ಎಂಬ ಹುಳಿಬ್ರೆಡ್ಡನ್ನು ಮಾಡಲೆಂದು ಮನೆಯಲ್ಲಿ ಸಾಕಿಕೊಂಡಿರುವ ಹೆಪ್ಪಿನಲ್ಲಿ ವಾರವಾರವೂ ಮಿಕ್ಕುಳಿದು ಮೋರಿಯ ಪಾಲಾಗುವ ಭಾಗವನ್ನು ತಂದು ಡೋನಟ್ಟಿನ ಹಿಟ್ಟಿಗೆ ಸೇರಿಸುವುದು. ಉಳಿತಾಯದ ಹೆಸರಿನಲ್ಲಿ ನಡೆಯುವ ಈ ಉಪಾಯ ನಿಜವಾಗಿ ಎಷ್ಟನ್ನು ಉಳಿಸುತ್ತದೆಯೆಂಬುದು ವಿಚಾರಣೀಯವಾದ ಸಂಗತಿ. ಆದರೆ ಈ ತಿಂಡಿಯ ಪೂರ್ವಚರಿತ್ರೆಯನ್ನು ಸ್ವಲ್ಪ ಕೆದಕಿ ನೋಡಿದವರಿಗೆ, ಹೊಸತೆಂದು ಕಾಣುವ ಈ ಸಂಯೋಗ ಎಷ್ಟು ಹಳೆಯದೆಂಬುದು ವಿಶದವಾಗದಿರದು.

ಹೆಪ್ಪಿನ ಲೆಕ್ಕ

ಹುಳಿಹೆಪ್ಪಿನಲ್ಲಿರುವುದು ಗೋಧಿ ಹಿಟ್ಟು ಮತ್ತು ನೀರು, ಎರಡೇ. ಇವೆರಡನ್ನೂ ಸಮತೂಕದಲ್ಲಿ ಕಲಸಿ ಬೆಚ್ಚಗಿನ ಎಡೆಯಲ್ಲಿಟ್ಟು, ದಿನಕ್ಕೊಂದಾವರ್ತಿ ಅದರಲ್ಲಿ ಬಹುಭಾಗವನ್ನು ತೆಗೆದು ಹೊಸ ಹಿಟ್ಟನ್ನೂ ನೀರನ್ನೂ ಸೇರಿಸುತ್ತ ಹೋದರೆ, ಹಿಟ್ಟಿನೊಡನೆಯೇ ಬಂದ ಅಸಂಖ್ಯ ಸೂಕ್ಷ್ಮಜೀವಿಗಳ ಪೈಕಿ ಹುಳಿಯನ್ನು ಸಹಿಸಲಾರದವು ಕ್ರಮೇಣ ಅಳಿದು, ಸಹಿಸಬಲ್ಲ ಯೀಸ್ಟುಗಳೂ ಲ್ಯಾಕ್ಟಿಕ್ ಆಮ್ಲದ ಬ್ಯಾಕ್ಟೀರಿಯಗಳೂ ನೆಲೆಯೂರಿ, ಒಂದೆರಡು ವಾರಗಳಲ್ಲಿ ಆ ಕಲಕ ತನ್ನಷ್ಟಕ್ಕೆ ತಾನೇ ಉಬ್ಬಿ ಇಳಿಯುವ ಅಭ್ಯಾಸವನ್ನು ಕಲಿಯುತ್ತದೆ. ಹಾಲಿಗೆ ನಿನ್ನೆಯ ಮೊಸರು ಹೇಗೋ ಬ್ರೆಡ್ಡಿನ ಕಣಕಕ್ಕೆ ಇದು ಹಾಗೆ. ಒಮ್ಮೆ ಸಿದ್ಧವಾದ ಹೆಪ್ಪನ್ನು ಉಣಿಸು ತಪ್ಪದಂತೆ ನೋಡಿಕೊಂಡರೆ ಅದಕ್ಕೆ ಮುಪ್ಪಿಲ್ಲ. 1847ರಲ್ಲಿ ಆರಿಗನ್ನಿನ ಹಾದಿಯಲ್ಲಿ ಎತ್ತಿನ ಬಂಡಿಗಳೊಡನೆ ಪಶ್ಚಿಮಕ್ಕೆ ಹೋಯಿತೆಂದು ಹೇಳಲಾಗುವ ಹೆಪ್ಪೊಂದನ್ನು ಕಾರ್ಲ್ ಗ್ರಿಫಿತ್ ಎಂಬಾತ ಕೇಳಿದವರಿಗೆಲ್ಲ ಉಚಿತವಾಗಿ ಹಂಚುತ್ತಿದ್ದು, 2000ದಲ್ಲಿ ಅವನು ತೀರಿಕೊಂಡ ತರುವಾಯವೂ ಅವನ ಮಿತ್ರವರ್ಗ ಆ ದಾನವನ್ನು ಮುಂದುವರಿಸಿತು.

ಆದರೆ ಈ ಚಿರಂಜೀವಿಯನ್ನು ಸಾಕುವುದರಲ್ಲಿ ಒಂದು ಗಣಿತದ ತೊಡಕಿದೆ. ಐವತ್ತು ಗ್ರಾಂ ಹೆಪ್ಪಿಗೆ ಐವತ್ತು ಗ್ರಾಂ ಹಿಟ್ಟು, ಐವತ್ತು ಗ್ರಾಂ ನೀರು ಎಂಬುದು ಸಾಮಾನ್ಯ ಉಣಿಸಿನ ಪ್ರಮಾಣ. ಒಂದು ಉಣಿಸಿಗೆ ಅದು ಮೂರು ಪಾಲಾಗುತ್ತದೆ. ಏನನ್ನೂ ತೆಗೆಯದೆ ಇದೇ ಪ್ರಮಾಣದಲ್ಲಿ ಉಣಿಸುತ್ತ ಹೋದರೆ ಐವತ್ತು ಗ್ರಾಂ ನೂರೈವತ್ತಾಗಿ, ನೂರೈವತ್ತು ನಾನೂರೈವತ್ತಾಗಿ, ಹತ್ತನೆಯ ಉಣಿಸಿನ ಹೊತ್ತಿಗೆ 2,900 ಕಿಲೋಗ್ರಾಂ ಮೀರಿ, ಅದನ್ನು ಸಾಕಿದ ಗೃಹಸ್ಥ ಮನೆಯನ್ನು ಅದಕ್ಕೆ ಬಿಟ್ಟುಕೊಟ್ಟು ತಾನು ಬೀದಿಗೆ ಬರಬೇಕಾದೀತು. ಆದಕಾರಣ ಪ್ರತಿಯೊಂದು ಉಣಿಸಿಗೂ ಮುನ್ನ ಬಹುಭಾಗವನ್ನು ತೆಗೆದುಬಿಡುವುದು ಅನಿವಾರ್ಯ. ಹೀಗೆ ತೆಗೆದದ್ದೇ ಮಿಕ್ಕ ಹೆಪ್ಪು. ಅಲ್ಲಿಯವರು ಅದನ್ನು ಡಿಸ್ಕಾರ್ಡ್ ಎಂದು ಕರೆದು, ಪ್ರತ್ಯೇಕ ಜಾಡಿಯಲ್ಲಿ ತುಂಬಿ ಶೀತಪೆಟ್ಟಿಗೆಯಲ್ಲಿ ಸಂಗ್ರಹಿಸುತ್ತಾರೆ.

ಪೂರ್ವಕಾಲದ ಮನೆಗಳಲ್ಲಿ ಈ ತೊಡಕು ಇಷ್ಟಾಗಿ ತಲೆದೋರುತ್ತಿರಲಿಲ್ಲವೆಂಬುದನ್ನು ಇಲ್ಲಿ ಗಮನಿಸಬೇಕು. ದೊಡ್ಡ ಸಂಸಾರಕ್ಕೆ ವಾರದಲ್ಲಿ ಹಲವು ಸಲ ಬ್ರೆಡ್ ಸುಡುತ್ತಿದ್ದ ಗೃಹಿಣಿ, ಇದ್ದ ಹೆಪ್ಪನ್ನೆಲ್ಲ ಕಣಕಕ್ಕೆ ಹಾಕಿ, ಆ ಕಣಕದಿಂದಲೇ ಒಂದು ಮುಷ್ಟಿಯನ್ನು ಮುಂದಿನ ಸಲಕ್ಕೆಂದು ತೆಗೆದಿಡುತ್ತಿದ್ದಳು. ಅವಳ ಕೈಯಲ್ಲಿ ಮಿಗುತ್ತಿದ್ದುದು ಬೀಜಕ್ಕೆ ಬೇಕಾದಷ್ಟೇ. ವಾರಕ್ಕೋ ಪಕ್ಷಕ್ಕೋ ಒಮ್ಮೆ, ಹೊಟ್ಟೆಯ ಅಗತ್ಯಕ್ಕಿಂತ ಮನಸ್ಸಿನ ಉಲ್ಲಾಸಕ್ಕಾಗಿ ಬ್ರೆಡ್ ಮಾಡುವ ಇಂದಿನ ನಾಗರಿಕನ ಮನೆಯಲ್ಲಿ ಮಾತ್ರ ಹೆಪ್ಪಿನ ಊಟ ಹೆಚ್ಚು, ಅದರ ದುಡಿಮೆ ಕಡಿಮೆ. 2020ರ ಮಹಾಮಾರಿಯ ಕಾಲದಲ್ಲಿ ಜನವೆಲ್ಲ ಮನೆಯೊಳಗೆ ಬಂದಿಗಳಾಗಿ, ಅಂಗಡಿಗಳಲ್ಲಿ ಯೀಸ್ಟಿನ ಪೊಟ್ಟಣವೂ ದುರ್ಲಭವಾದಾಗ, ಅಮೆರಿಕದಲ್ಲಿಯೂ ಯೂರೋಪಿನಲ್ಲಿಯೂ ಮನೆಮನೆಗೆ ಒಂದೊಂದು ಹೆಪ್ಪಿನ ಜಾಡಿ ಬಂದು ಕುಳಿತಿತು, ಮತ್ತು ಅದಕ್ಕೊಂದು ಮುದ್ದಿನ ಹೆಸರಿಡುವವರೆಗೂ ಆ ವಾತ್ಸಲ್ಯ ಬೆಳೆಯಿತು. ಹೆಸರಿಟ್ಟು ಸಾಕಿದ ಪ್ರಾಣಿಯ ಅಂಶವನ್ನು ದಿನವೂ ಮೋರಿಗೆ ಚೆಲ್ಲುವುದು ಯಾರ ಮನಸ್ಸಿಗೂ ಹಿತವಲ್ಲವಷ್ಟೆ. ಮಿಕ್ಕ ಹೆಪ್ಪಿನ ದೋಸೆಯಂಥ ಪ್ಯಾನ್‌ಕೇಕು, ಬಿಸ್ಕತ್ತು, ಡೋನಟ್ಟುಗಳೆಲ್ಲ ಈ ಮನಃಕ್ಲೇಶದ ಪರಿಹಾರಾರ್ಥವಾಗಿ ಹೊರಟ ಪ್ರಾಯಶ್ಚಿತ್ತಗಳು.

ಕರಿದ ಹಿಟ್ಟಿನ ಪೂರ್ವೋತ್ತರ

ಡೋನಟ್ಟಿನ ವಂಶಾವಳಿಯನ್ನು ಹುಡುಕಿದರೆ, ಹದಿನೇಳನೆಯ ಶತಮಾನದಲ್ಲಿ ಇಂದಿನ ನ್ಯೂಯಾರ್ಕಿನ ನೆಲದಲ್ಲಿ ನ್ಯೂ ಆಮ್‌ಸ್ಟರ್‌ಡಾಮ್ ಎಂಬ ವಸಾಹತನ್ನು ಕಟ್ಟಿದ ಡಚ್ಚರ ಅಡುಗೆಮನೆಗೆ ಹೋಗಿ ಮುಟ್ಟುತ್ತೇವೆ. ಹುದುಗು ಹಾಕಿ ಉಬ್ಬಿಸಿದ ಸಿಹಿ ಹಿಟ್ಟಿನ ಉಂಡೆಗಳನ್ನು ಕೊಬ್ಬಿನಲ್ಲಿ ಕರಿದು ಮಾಡುತ್ತಿದ್ದ ಓಲಿಕೂಕ್ ಎಂಬ ಎಣ್ಣೆತಿಂಡಿ ಅವರದು. 1809ರಲ್ಲಿ ಪ್ರಕಟವಾದ ತನ್ನ ನ್ಯೂಯಾರ್ಕಿನ ವಿನೋದಚರಿತ್ರೆಯಲ್ಲಿ ವಾಷಿಂಗ್‌ಟನ್ ಇರ್ವಿಂಗ್ ಈ ಡಚ್ ಕುಟುಂಬಗಳ ಚಹದ ಕೂಟವನ್ನು ವರ್ಣಿಸುತ್ತ, ಹಂದಿಯ ಕೊಬ್ಬಿನಲ್ಲಿ ಕರಿದ ಈ ಉಂಡೆಗಳನ್ನು ಡೋನಟ್ ಎಂಬ ಹೆಸರಿನಿಂದಲೂ ಕರೆದಿದ್ದಾನೆ. ಆಗ ಅದಕ್ಕೆ ತೂತಿರಲಿಲ್ಲ.

ಆ ಕಾಲದ ನ್ಯೂ ಇಂಗ್ಲೆಂಡಿನ ಹಳ್ಳಿಯ ಮನೆಯೊಂದನ್ನು ಕಲ್ಪಿಸಿಕೊಂಡರೆ, ಈ ತಿಂಡಿ ಚಳಿಗಾಲದ ಹೊಸ್ತಿಲಿನಲ್ಲಿಯೇ ಏಕೆ ಮೆರೆಯಿತೆಂಬುದು ತಿಳಿಯುತ್ತದೆ. ತೋಟದ ಸೇಬು ಒಮ್ಮೆಲೇ ಹಣ್ಣಾಗಿ ನೆಲಕ್ಕುದುರುವುದು ಆಗ. ಉದುರಿ ಪೆಟ್ಟುಬಿದ್ದ ಹಣ್ಣು ಶೇಖರಿಸಿಡಲು ಬಾರದ್ದರಿಂದ ಅದನ್ನು ಅರೆದು, ಪದರ ಪದರವಾಗಿಟ್ಟು ಗಾಣದಲ್ಲಿ ಹಿಂಡಿ ರಸ ತೆಗೆಯುವುದು ಆಗ. ಸೋಸದ, ಕಂದುಬಣ್ಣದ ಆ ರಸವೇ ಸೈಡರ್. ಹುಳಿತು ಮದ್ಯವಾದದ್ದಕ್ಕೆ ಅಮೆರಿಕದಲ್ಲಿ ಹಾರ್ಡ್ ಸೈಡರ್ ಎಂಬ ಬೇರೆ ಹೆಸರಿದೆ. ಚಳಿ ಬಿಗಿಯುವ ಮುನ್ನ ಹಂದಿಗಳನ್ನು ಕಡಿದು ಮಾಂಸಕ್ಕೆ ಉಪ್ಪು ಹಚ್ಚಿಡುವುದೂ, ಆ ಸಂದರ್ಭದಲ್ಲಿ ಕೊಬ್ಬನ್ನು ಕರಗಿಸಿ ಡಬರಿಗಳಲ್ಲಿ ತುಂಬಿಡುವುದೂ ಆಗಲೇ. ಬ್ರೆಡ್ ಸುಡುವ ದಿನ ಮಿಕ್ಕ ಕಣಕದ ತುಂಡೂ, ಹೊಸದಾಗಿ ಕರಗಿಸಿದ ಕೊಬ್ಬೂ ಒಂದೇ ಒಲೆಯ ಬಳಿ ಇರುವಾಗ, ಮೊದಲನೆಯದನ್ನು ಎರಡನೆಯದರೊಳಗೆ ಬಿಡಬೇಕೆಂಬ ವಿವೇಕ ಹೊಳೆಯಲು ಯಾವ ಪ್ರತಿಭೆಯೂ ಬೇಕಾಗಿಲ್ಲ. ಡೋನಟ್ಟು ಹೀಗೆ ಸಮೃದ್ಧಿಯ ಋತುವಿನಲ್ಲಿ ಮಿಗುತ್ತಿದ್ದ ಪದಾರ್ಥಗಳೆಲ್ಲ ಒಂದು ಬಾಣಲೆಯಲ್ಲಿ ಸೇರಿದ್ದರ ಫಲ.

ತೂತಿನ ಕೀರ್ತಿ ಮೇನ್ ಸಂಸ್ಥಾನದ ಹ್ಯಾನ್ಸನ್ ಗ್ರೆಗರಿ ಎಂಬ ನಾವಿಕನಿಗೆ ಸಲ್ಲುತ್ತದೆಂಬುದು ಅಲ್ಲಿಯ ಪ್ರತೀತಿ. ಅಂಚು ಬೆಂದು ನಡುವೆ ಹಸಿಯಾಗಿಯೇ ಉಳಿಯುತ್ತಿದ್ದ ಹಿಟ್ಟನ್ನು ತಿಂದು ಬೇಸತ್ತ ಆತ 1847ರಲ್ಲಿ, ತಾನಿನ್ನೂ ಹದಿನಾರರ ಹುಡುಗನಾಗಿದ್ದಾಗ, ಹಡಗಿನ ಮೆಣಸಿನ ಡಬ್ಬಿಯ ತಗಡಿನ ಮುಚ್ಚಳದಿಂದ ನಡುಭಾಗವನ್ನು ಕತ್ತರಿಸಿ ತೆಗೆದೆನೆಂದು ತನ್ನ ಮುಪ್ಪಿನಲ್ಲಿ, 1916ರಲ್ಲಿ, ಪತ್ರಿಕೆಯೊಂದಕ್ಕೆ ಹೇಳಿಕೊಂಡ. ಕತೆಯ ಸತ್ಯಾಸತ್ಯ ಹೇಗೇ ಇರಲಿ, ಅದರೊಳಗಿನ ವಿಜ್ಞಾನ ನಿರ್ದುಷ್ಟವಾದದ್ದು. ಶಾಖ ಹೊರಗಿನಿಂದ ಒಳಗೆ ಸಾಗುವ ಪದಾರ್ಥಕ್ಕೆ ನಡುವೆಯೂ ಒಂದು ಹೊರಮೈಯನ್ನು ಕಲ್ಪಿಸಿಕೊಟ್ಟರೆ ಅದು ಬೇಗನೆ, ಸಮನಾಗಿ ಬೇಯುತ್ತದೆ. ನಮ್ಮ ಉದ್ದಿನ ವಡೆಯನ್ನು ತಟ್ಟುವವರಿಗೆ ಇದನ್ನು ಯಾವ ನಾವಿಕನೂ ಕಲಿಸಬೇಕಾಗಿ ಬರಲಿಲ್ಲ.

ತರುವಾಯದ ಚರಿತ್ರೆ ಯಂತ್ರದ್ದು. ಒಂದನೆಯ ಮಹಾಯುದ್ಧದಲ್ಲಿ, 1917ರಲ್ಲಿ, ಫ್ರಾನ್ಸಿನ ರಣಭೂಮಿಯ ಸಮೀಪದಲ್ಲಿ ಸಾಲ್ವೇಶನ್ ಆರ್ಮಿ ಎಂಬ ಮುಕ್ತಿಸೇನೆಯ ಸ್ವಯಂಸೇವಕಿಯರು ಸಿಪಾಯಿಗಳಿಗೆ ಡೋನಟ್ ಕರಿದು ಹಂಚಿದ್ದರಿಂದ ಮನೆಗೆ ಮರಳಿದ ಯೋಧರಲ್ಲಿ ಅದರ ಮೇಲಿನ ಆಸೆ ಇಮ್ಮಡಿಯಾಯಿತು. ರಷ್ಯದಿಂದ ವಲಸೆ ಬಂದ ಅಡಾಲ್ಫ್ ಲೆವಿಟ್ 1920ರಲ್ಲಿ ನ್ಯೂಯಾರ್ಕಿನಲ್ಲಿ ಡೋನಟ್ ಕರಿಯುವ ಯಂತ್ರವನ್ನು ನಿರ್ಮಿಸಿದ. ಅವನು ಸ್ಥಾಪಿಸಿದ್ದ ಕಂಪನಿಯೇ 1951ರಲ್ಲಿ ಸೈಡರ್ ಡೋನಟ್ಟನ್ನು ಮಾರುಕಟ್ಟೆಗೆ ತಂದಿತು. ಪ್ರಾಚೀನ ಕೃಷಿಕರ ಪರಂಪರೆಯೆಂದು ಯಾತ್ರಿಕರು ತೋಟದ ಬಾಗಿಲಲ್ಲಿ ಭಕ್ತಿಯಿಂದ ಸವಿಯುವ ರುಚಿ, ಈಗಿನ ರೂಪದಲ್ಲಿ, ನ್ಯೂಯಾರ್ಕಿನ ವ್ಯಾಪಾರಿಗಳ ಸೃಷ್ಟಿಯೆಂಬುದನ್ನು ಕೇಳಿ ಯಾರೂ ನೊಂದುಕೊಳ್ಳಬೇಕಾಗಿಲ್ಲ. ಅದರ ಅಂಗಾಂಗಗಳೆಲ್ಲ ಹಳ್ಳಿಯವೇ.

ಹುಳಿಗೆ ಕ್ಷಾರದ ಜೋಡಿ

ಹಾಗಾದರೆ ಹುಳಿಹೆಪ್ಪು ಈ ತಿಂಡಿಯಿಂದ ದೂರ ಸರಿದದ್ದು ಯಾವಾಗ ಎಂದು ಕೇಳಬಹುದು. ಉತ್ತರ ಆ ಸೀಮೆಯ ಮರಗಳ ಬೂದಿಯಲ್ಲಿದೆ. ಕಾಡು ಕಡಿದು ಹೊಲ ಮಾಡುತ್ತಿದ್ದ ಒಕ್ಕಲಿಗರು ಗಟ್ಟಿಮರಗಳ ಬೂದಿಯನ್ನು ನೀರಿನಲ್ಲಿ ನೆನೆಸಿ, ಬಸಿದ ತಿಳಿಯನ್ನು ಕುದಿಸಿ ಇಂಗಿಸಿ ಪೊಟ್ಯಾಷ್ ಎಂಬ ಕ್ಷಾರವನ್ನೂ, ಅದನ್ನು ಮತ್ತೆ ಸುಟ್ಟು ಶುದ್ಧಗೊಳಿಸಿ ಪರ್ಲ್‌ಆಶ್ ಎಂಬ ಬಿಳಿಯ ಪುಡಿಯನ್ನೂ ತೆಗೆಯುತ್ತಿದ್ದರು. ಅಮೆರಿಕ ಸಂಯುಕ್ತ ಸಂಸ್ಥಾನದ ಮೊಟ್ಟಮೊದಲ ಪೇಟೆಂಟ್, 1790ರ ಜುಲೈ 31ರಂದು ಅಧ್ಯಕ್ಷ ವಾಷಿಂಗ್‌ಟನ್ನನ ಸಹಿಯೊಡನೆ ಸ್ಯಾಮ್ಯುಯಲ್ ಹಾಪ್ಕಿನ್ಸ್ ಎಂಬಾತನಿಗೆ ದೊರೆತದ್ದು, ಈ ಬೂದಿಯ ಕ್ಷಾರವನ್ನು ತಯಾರಿಸುವ ವಿಧಾನಕ್ಕೇ. ಆರು ವರ್ಷಗಳ ಮೇಲೆ, 1796ರಲ್ಲಿ, ಅಮೀಲಿಯ ಸಿಮನ್ಸ್ ಪ್ರಕಟಿಸಿದ ‘ಅಮೆರಿಕನ್ ಕುಕರಿ’ ಎಂಬ ಪಾಕಪುಸ್ತಕದಲ್ಲಿ ಪರ್ಲ್‌ಆಶ್ ಹಿಟ್ಟನ್ನು ಉಬ್ಬಿಸುವ ಸಾಧನವಾಗಿ ಕಾಣಿಸಿಕೊಂಡಿತು. ಹುಳಿಯಾದ ಹಾಲಿಗೋ ಹಿಟ್ಟಿಗೋ ಕ್ಷಾರ ತಗಲಿದೊಡನೆಯೇ ಅಂಗಾರಾಮ್ಲ ವಾಯು ನೊರೆನೊರೆಯಾಗಿ ಹೊರಟು, ರಾತ್ರಿಯೆಲ್ಲ ಕಾಯಬೇಕಾಗಿದ್ದ ಉಬ್ಬು ಅರೆಗಳಿಗೆಯಲ್ಲಿ ಕೈಗೂಡುವುದೆಂಬ ವಿದ್ಯೆ ಇದರಿಂದ ಮನೆಮಾತಾಯಿತು.

1846ರಲ್ಲಿ ಜಾನ್ ಡ್ವೈಟ್ ಮತ್ತು ಆಸ್ಟಿನ್ ಚರ್ಚ್ ಎಂಬಿಬ್ಬರು ಅಡುಗೆ ಸೋಡಾ ತಯಾರಿಸಿ ಮಾರತೊಡಗಿದರು. 1856ರಲ್ಲಿ ಹಾರ್ವರ್ಡಿನ ಪ್ರಾಧ್ಯಾಪಕ ಎಬೆನ್ ಹಾರ್ಸ್‌ಫರ್ಡ್ ಸೋಡಾದ ಜೊತೆಗೆ ಬೇಕಾದ ಆಮ್ಲವನ್ನೂ ಒಣಪುಡಿಯಾಗಿ ಒದಗಿಸುವ ಮಾರ್ಗವನ್ನು ಕಂಡುಹಿಡಿದ. ಬೇಕಿಂಗ್ ಪೌಡರಿನ ಯುಗ ಅಲ್ಲಿಂದ ಮೊದಲಾಯಿತು. 1868ರಲ್ಲಿ ಸಿನ್ಸಿನಾಟಿಯಲ್ಲಿ ಫ್ಲೈಷ್‌ಮನ್ ಸಹೋದರರು ಅಚ್ಚುಗಟ್ಟಿದ ಯೀಸ್ಟಿನ ಕಾರ್ಖಾನೆಯನ್ನು ತೆರೆದರು. ಆಮ್ಲವೂ ಡಬ್ಬಿಯಲ್ಲಿ, ಯೀಸ್ಟೂ ಪೊಟ್ಟಣದಲ್ಲಿ ದೊರೆಯುವಾಗ ಹುಳಿಯ ಜಾಡಿಯನ್ನು ಸಾಕುವವರು ಯಾರು? ಚಿನ್ನ ಅರಸಿ ಹೋದ ಕ್ಯಾಲಿಫೋರ್ನಿಯ, ಕ್ಲಾಂಡೈಕ್‌ಗಳ ಗಣಿಗಾರರ ಗುಡಿಸಲುಗಳಲ್ಲಿಯೂ, 1849ರಿಂದ ನಡೆದುಬಂದಿರುವ ಬುಡಾನ್ ಬೇಕರಿಯಂಥ ಸ್ಯಾನ್‌ಫ್ರಾನ್ಸಿಸ್ಕೋದ ಕೆಲವು ಮನೆತನಗಳಲ್ಲಿಯೂ ಉಳಿದುಕೊಂಡ ಹೆಪ್ಪು, ಉಳಿದ ದೇಶದ ಅಡುಗೆಮನೆಗಳಿಂದ ಬಹುಮಟ್ಟಿಗೆ ನಿಷ್ಕ್ರಮಿಸಿತು.

ಮಿಕ್ಕ ಹೆಪ್ಪಿನ ಗುಣವೇನೆಂಬುದನ್ನು ತಿಳಿಯಲು ಅದೇ ಕ್ಯಾಲಿಫೋರ್ನಿಯದ ವಿಜ್ಞಾನಿಗಳ ಸಂಶೋಧನೆಯನ್ನು ನೆನೆಯಬೇಕು. ಲಿಯೋ ಕ್ಲೈನ್, ಸುಗಿಹಾರ ಮೊದಲಾದವರು ಸ್ಯಾನ್‌ಫ್ರಾನ್ಸಿಸ್ಕೋದ ಹುಳಿಬ್ರೆಡ್ಡನ್ನು ಪರೀಕ್ಷಿಸಿ 1971ರಲ್ಲಿ ಪ್ರಕಟಿಸಿದ ಲೇಖನಗಳಲ್ಲಿ, ಅಲ್ಲಿ ನೆಲಸಿರುವ ಯೀಸ್ಟು ಹಿಟ್ಟಿನ ಮಾಲ್ಟೋಸ್ ಸಕ್ಕರೆಯನ್ನು ಮುಟ್ಟುವುದಿಲ್ಲವೆಂದೂ, ಅದರೊಡನೆ ಬಾಳುವ ಬ್ಯಾಕ್ಟೀರಿಯಕ್ಕೆ ಆ ಮಾಲ್ಟೋಸೇ ಪ್ರಿಯವಾದ ಆಹಾರವೆಂದೂ ತೋರಿಸಿಕೊಟ್ಟರು. ಆ ಬ್ಯಾಕ್ಟೀರಿಯಕ್ಕೆ ಆ ನಗರದ ಹೆಸರೇ ಸಂದಿತು. ಒಬ್ಬರ ಎಲೆಗೆ ಇನ್ನೊಬ್ಬರು ಕೈಚಾಚದ ಈ ಸಹಪಂಕ್ತಿಯಿಂದಲೇ ಹೆಪ್ಪು ಶತಮಾನಗಳ ಕಾಲ ಕೆಡದೆ ಬಾಳುವುದು. ಬ್ಯಾಕ್ಟೀರಿಯಗಳು ಲ್ಯಾಕ್ಟಿಕ್ ಮತ್ತು ಅಸಿಟಿಕ್ ಆಮ್ಲಗಳನ್ನು ಉತ್ಪಾದಿಸುತ್ತವೆ. ಉಣಿಸಿಲ್ಲದೆ ದಿನಗಟ್ಟಲೆ ಶೀತಪೆಟ್ಟಿಗೆಯಲ್ಲಿ ಬಿದ್ದಿರುವ ಮಿಕ್ಕ ಹೆಪ್ಪಿನಲ್ಲಿ ಯೀಸ್ಟಿನ ಕಸುವು ಕುಗ್ಗಿರುತ್ತದೆ. ಆಮ್ಲ ಮಾತ್ರ ಕೂಡುತ್ತಲೇ ಹೋಗಿರುತ್ತದೆ. ಬ್ರೆಡ್ಡನ್ನು ಎತ್ತಿ ನಿಲ್ಲಿಸಲು ಅದು ಅಸಮರ್ಥ. ಆದರೆ ಸೋಡಾದೊಡನೆ ಕೂಡಿದರೆ ಆ ಹುಳಿಯೇ ಉಬ್ಬಿಗೆ ಕಾರಣವಾಗುತ್ತದೆ. ಅಲ್ಲದೆ ಬಹುಕಾಲ ಆಮ್ಲದಲ್ಲಿ ನೆನೆದ ಹಿಟ್ಟಿನ ಅಂಟು ಸಡಿಲಗೊಂಡಿರುವುದರಿಂದ, ಬ್ರೆಡ್ಡಿಗೆ ದೋಷವಾಗಬಹುದಾದ ಆ ಶೈಥಿಲ್ಯ ಡೋನಟ್ಟಿಗೆ ಮಾರ್ದವವಾಗಿ ಪರಿಣಮಿಸುತ್ತದೆ. ಬೂದಿಯ ಕ್ಷಾರದ ಕಾಲದಲ್ಲಿ ಕಲಿತ ವಿದ್ಯೆಯೇ ಇದು. ಹೆಪ್ಪಿನ ಜಾಡಿ ಮನೆಗೆ ಮರಳಿದ್ದರಿಂದ ಅದೂ ಮರಳಿದೆ.

ಪಾಕವಿಧಾನ

ಎಣ್ಣೆಯಲ್ಲಿ ಕರಿಯುವುದೇ ಶಾಸ್ತ್ರೋಕ್ತವಾದರೂ, ಮನೆಯಲ್ಲಿ ಮಾಡುವವರು ಬಹುಮಂದಿ ಉಂಗುರದಾಕಾರದ ಕುಳಿಗಳುಳ್ಳ ತಗಡಿನ ಅಚ್ಚಿನಲ್ಲಿ ಹಿಟ್ಟು ಹುಯ್ದು ಓವನ್ನಿನಲ್ಲಿ ಬೇಯಿಸುವ ಕ್ರಮವನ್ನೇ ಹಿಡಿದಿದ್ದಾರೆ. ಹನ್ನೆರಡು ಡೋನಟ್ಟುಗಳಿಗೆ ಬೇಕಾಗುವ ಸಾಮಗ್ರಿಯನ್ನು ಮೊದಲು ಹೇಳುತ್ತೇನೆ. ಸಮತೂಕದ ಹಿಟ್ಟು ನೀರಿನಿಂದಾದ ಮಿಕ್ಕ ಹೆಪ್ಪು 120 ಗ್ರಾಂ, ಮೈದಾ 180 ಗ್ರಾಂ, ಕಂದು ಸಕ್ಕರೆ 110 ಗ್ರಾಂ, ಕರಗಿಸಿದ ಬೆಣ್ಣೆ 60 ಗ್ರಾಂ, ಮೊಟ್ಟೆ ಎರಡು, ಸೈಡರ್ 360 ಮಿಲಿಲೀಟರ್, ಬೇಕಿಂಗ್ ಪೌಡರ್ ಒಂದು ಟೀ ಚಮಚ, ಅಡುಗೆ ಸೋಡಾ ಅರ್ಧ ಟೀ ಚಮಚ, ಉಪ್ಪು ಅರ್ಧ, ದಾಲ್ಚಿನ್ನಿಯ ಪುಡಿ ಒಂದೂವರೆ, ತೇದ ಜಾಯಿಕಾಯಿ ಅರ್ಧ.

ಮೊದಲ ಕೆಲಸ ಸೈಡರನ್ನು ಇಂಗಿಸುವುದು. ಅಗಲವಾದ ಪಾತ್ರೆಯಲ್ಲಿ ಮಧ್ಯಮ ಉರಿಯ ಮೇಲೆ ಅದನ್ನು ಕುದಿಸುತ್ತ, 360 ಮಿಲಿಲೀಟರ್ ಮೂರರಲ್ಲೊಂದು ಪಾಲಾಗಿ 120ಕ್ಕೆ ಇಳಿಯುವವರೆಗೆ ಕಾಯಬೇಕು. ಇದಕ್ಕೆ ಇಪ್ಪತ್ತು ಇಪ್ಪತ್ತೈದು ನಿಮಿಷ ಹಿಡಿಯುತ್ತದೆ. ಈ ಕೆಲಸದಲ್ಲಿ ಅವಸರಪಟ್ಟು ಸೈಡರನ್ನು ಇದ್ದಂತೆಯೇ ಹುಯ್ದವರ ಡೋನಟ್ಟಿನಲ್ಲಿ ಸೇಬಿನ ಹೆಸರಿರುತ್ತದೆಯೇ ಹೊರತು ಸೇಬಿರುವುದಿಲ್ಲ. ಇಂಗಿದ ರಸ ಆರುವಷ್ಟರಲ್ಲಿ ಹೆಪ್ಪನ್ನು ಶೀತಪೆಟ್ಟಿಗೆಯಿಂದ ಹೊರತೆಗೆದು ಚಳಿ ಬಿಡಿಸಬೇಕು. ಅದರ ಮೇಲೆ ಬೂದುಬಣ್ಣದ ನೀರು ನಿಂತಿದ್ದರೆ ಭಯಪಡಬೇಕಾದದ್ದಿಲ್ಲ. ಹಸಿದ ಹೆಪ್ಪಿನ ಲಕ್ಷಣ ಅದು, ಕಲಕಿಬಿಡಬಹುದು. ಆದರೆ ಕಿತ್ತಳೆಯ ಅಥವಾ ನಸುಗೆಂಪಿನ ಗೆರೆಗಳಾಗಲಿ ಬೂಷ್ಟಾಗಲಿ ಕಂಡರೆ ಮಮತೆಯನ್ನು ಬದಿಗಿಟ್ಟು ಜಾಡಿಯ ಸಮಸ್ತವನ್ನೂ ಚೆಲ್ಲಬೇಕು. ಹಸಿಯ ಹಿಟ್ಟನ್ನು ರುಚಿ ನೋಡುವ ಚಾಪಲ್ಯವೂ ಸಲ್ಲದು.

ಬೆಣ್ಣೆ, ಕಂದು ಸಕ್ಕರೆ, ಮೊಟ್ಟೆಗಳನ್ನು ಒಂದು ಬೋಗುಣಿಯಲ್ಲಿ ಕದಡಿ, ಅದಕ್ಕೆ ಹೆಪ್ಪನ್ನೂ ಇಂಗಿಸಿದ ಸೈಡರನ್ನೂ ಸೇರಿಸಿ ಗಂಟಿಲ್ಲದಂತೆ ಮಾಡಬೇಕು. ಮೈದಾ, ಬೇಕಿಂಗ್ ಪೌಡರ್, ಸೋಡಾ, ಉಪ್ಪು, ದಾಲ್ಚಿನ್ನಿ, ಜಾಯಿಕಾಯಿಗಳನ್ನು ಜರಡಿ ಹಿಡಿದು ಇನ್ನೊಂದು ಪಾತ್ರೆಯಲ್ಲಿಟ್ಟುಕೊಂಡು, ಓವನ್ನು 175 ಡಿಗ್ರಿ ಸೆಲ್ಷಿಯಸ್‌ಗೆ ಕಾದ ಮೇಲೆಯೇ ಎರಡನ್ನೂ ಕೂಡಿಸತಕ್ಕದ್ದು. ಏಕೆಂದರೆ ಸೋಡಾ ಹುಳಿಯನ್ನು ಮುಟ್ಟಿದ ಗಳಿಗೆಯಿಂದಲೇ ವಾಯು ಹೊರಡಲಾರಂಭಿಸಿ, ಕಾದು ಕುಳಿತ ಹಿಟ್ಟಿನಲ್ಲಿ ಅದು ವ್ಯರ್ಥವಾಗಿ ಹಾರಿಹೋಗುತ್ತದೆ. ಹಿಟ್ಟನ್ನು ಬಹಳವಾಗಿ ತಿರುವಬಾರದು. ಒಣ ಹಿಟ್ಟು ಕಣ್ಮರೆಯಾದೊಡನೆ ನಿಲ್ಲಿಸಿ, ಬೆಣ್ಣೆ ಸವರಿದ ಅಚ್ಚಿನ ಕುಳಿಗಳಲ್ಲಿ ಮುಕ್ಕಾಲು ಭಾಗ ತುಂಬಿ, ಹನ್ನೆರಡರಿಂದ ಹದಿನಾಲ್ಕು ನಿಮಿಷ ಬೇಯಿಸಿದರೆ ಸಾಕು. ಬೆರಳಿನಿಂದ ಒತ್ತಿದಾಗ ತಗ್ಗಿ ಮತ್ತೆ ಮೇಲೆದ್ದರೆ ಬೆಂದಿದೆಯೆಂದರ್ಥ. ಬಿಸಿಯಿರುವಾಗಲೇ ಕರಗಿಸಿದ ಬೆಣ್ಣೆಯನ್ನು ಮೈಗೆಲ್ಲ ಸವರಿ, ನೂರು ಗ್ರಾಂ ಸಕ್ಕರೆಗೆ ಒಂದು ಟೀ ಚಮಚ ದಾಲ್ಚಿನ್ನಿ ಬೆರಸಿದ ಪುಡಿಯಲ್ಲಿ ಹೊರಳಿಸಬೇಕು. ಕರಿದ ಡೋನಟ್ಟಿನ ಗರಿಯಾದ ಹೊರಮೈ ಓವನ್ನಿನಲ್ಲಿ ಬೆಂದದ್ದಕ್ಕೆ ಬಾರದು. ಈ ಸಕ್ಕರೆಯ ಹರಳುಗಳೇ ಆ ಕೊರತೆಯನ್ನು ತಕ್ಕಮಟ್ಟಿಗೆ ನೀಗುತ್ತವೆ.

ಸೋಡಾದ ಪ್ರಮಾಣದಲ್ಲಿ ವಿವೇಕ ಬೇಕು. ಹೆಚ್ಚಾದರೆ ಸಾಬೂನಿನ ವಾಸನೆ. ಕಡಿಮೆಯಾದರೆ ಆಮ್ಲವುಳಿದು ಮೇಲ್ಮೈ ಕೆಂಪಗೆ ಬಣ್ಣಗಟ್ಟದೆ ಪೇಲವವಾಗಿ ನಿಲ್ಲುತ್ತದೆ. ಮೊಟ್ಟೆ ವರ್ಜ್ಯವಾದ ಮನೆಗಳಲ್ಲಿ ಎರಡು ಮೊಟ್ಟೆಗಳಿಗೆ ಬದಲಾಗಿ ಅರ್ಧ ಬಟ್ಟಲು ಗಟ್ಟಿ ಮೊಸರನ್ನು ಉಪಯೋಗಿಸಬಹುದು, ತಿರುಳು ಸ್ವಲ್ಪ ಬಿಗಿಯಾದರೂ ರುಚಿಗೆ ಕುಂದಿಲ್ಲ. ಸೈಡರಿನ ಜಾಗದಲ್ಲಿ ಬೇಯಿಸಿ ನುಣ್ಣಗೆ ಮಾಡಿದ ಕುಂಬಳವನ್ನು 120 ಗ್ರಾಂ ಹಾಕಿ, ಹಿಟ್ಟು ಬಿಗಿಯೆನಿಸಿದರೆ ಹಾಲು ಚಿಮುಕಿಸಿ ಮಾಡುವುದೂ ಆ ಋತುವಿನ ಮತ್ತೊಂದು ಕ್ರಮ. ಕರಿದೇ ತಿನ್ನಬೇಕೆಂಬ ಹಟವುಳ್ಳವರು ಮೈದಾ ಹೆಚ್ಚಿಸಿ, ಲಟ್ಟಿಸಲು ಬರುವಷ್ಟು ಗಟ್ಟಿಯಾದ ಕಣಕ ಮಾಡಿ, ತಣ್ಣಗಿಟ್ಟು, ಅರ್ಧ ಅಂಗುಲ ದಪ್ಪಕ್ಕೆ ಲಟ್ಟಿಸಿ ಕತ್ತರಿಸಿ, 190 ಡಿಗ್ರಿ ಸೆಲ್ಷಿಯಸ್ ಕಾದ ಎಣ್ಣೆಯಲ್ಲಿ ಒಂದೊಂದು ಮಗ್ಗುಲನ್ನು ನಿಮಿಷಕ್ಕೆ ಮೀರದಂತೆ ಕರಿಯಬೇಕು. ಎಣ್ಣೆಯ ಕಾವು ಇಳಿದರೆ ಹಿಟ್ಟು ಎಣ್ಣೆ ಹೀರುವುದೆಂಬ ಎಚ್ಚರಿಕೆಯನ್ನು ಪೂರಿ ಕರಿದು ಬಲ್ಲವರಿಗೆ ಹೇಳಬೇಕಾಗಿಲ್ಲ.

ಜಾಯಿಕಾಯಿಯ ಋಣ

ಡೋನಟ್ಟಿನ ನಿಜವಾದ ಪರಿಮಳ ದಾಲ್ಚಿನ್ನಿಯದಲ್ಲ, ಜಾಯಿಕಾಯಿಯದು ಎಂದು ಅದನ್ನು ಬಲ್ಲವರು ಹೇಳುತ್ತಾರೆ. ಈ ಮಾತಿಗೆ ಚರಿತ್ರೆಯ ಒಂದು ವಿಚಿತ್ರವಾದ ಪುಷ್ಟಿಯಿದೆ. ಹದಿನೇಳನೆಯ ಶತಮಾನದಲ್ಲಿ ಜಾಯಿಕಾಯಿ ಬೆಳೆಯುತ್ತಿದ್ದುದು ಇಂಡೊನೇಷ್ಯದ ಬಾಂಡಾ ದ್ವೀಪಗಳಲ್ಲಿ ಮಾತ್ರ. ಅವುಗಳಲ್ಲೊಂದಾದ ರನ್ ಎಂಬ ಸಣ್ಣ ದ್ವೀಪಕ್ಕಾಗಿ ಡಚ್ಚರೂ ಇಂಗ್ಲಿಷರೂ ಬಹುಕಾಲ ಕಾದಾಡಿದರು. 1667ರ ಬ್ರೆಡಾ ಒಪ್ಪಂದದಲ್ಲಿ ರನ್ ಡಚ್ಚರಿಗೂ, ಮೂರು ವರ್ಷ ಮೊದಲು ಇಂಗ್ಲಿಷರು ಕಸಿದುಕೊಂಡಿದ್ದ ಮ್ಯಾನ್‌ಹಟನ್ ಇಂಗ್ಲಿಷರಿಗೂ ಸ್ಥಿರವಾಯಿತು. ಮ್ಯಾನ್‌ಹಟನ್ನಿನ ಡಚ್ಚರ ಎಣ್ಣೆತಿಂಡಿಯೂ ರನ್ ದ್ವೀಪದ ಕಾಯಿಯೂ ಒಂದೇ ಬೋಗುಣಿಯಲ್ಲಿ ಸೇರುವಾಗ, ಒಪ್ಪಂದದ ಎರಡು ತಟ್ಟೆಗಳೂ ಸಮನಾದಂತಾಗುತ್ತದೆ. ದಾಲ್ಚಿನ್ನಿ, ಶುಂಠಿ, ಜಾಯಿಕಾಯಿ ಮೊದಲಾದವನ್ನು ಕೂಡಿಸಿ ಕುಂಬಳದ ಕಡುಬಿನ ಮಸಾಲೆಯೆಂದು ಡಬ್ಬಿಗಟ್ಟಿ ಮಕಾರ್ಮಿಕ್ ಕಂಪನಿ ಮಾರಲು ತೊಡಗಿದ್ದು 1934ರಲ್ಲಿ. ಅಮೆರಿಕದ ಶರತ್ಕಾಲಕ್ಕೆ ಒಂದು ಸ್ಥಿರವಾದ ವಾಸನೆ ಬಂದದ್ದು ಬಹುಶಃ ಅಲ್ಲಿಂದ.

ಶಿರಸಿ ಸಿದ್ದಾಪುರಗಳ ಕಡೆಯ ಅಡಕೆ ತೋಟಗಳ ನೆರಳಿನಲ್ಲಿ ಜಾಯಿಕಾಯಿಯ ಮರಗಳನ್ನು ಕಂಡು ಬೆಳೆದವರಿಗೆ ಬಾಸ್ಟನ್ನಿನ ಅಡುಗೆಮನೆಯಲ್ಲಿ ಅದು ಅಪರಿಚಿತವಲ್ಲ. ಅಲ್ಲಿ ನೆಲಸಿರುವ ಕನ್ನಡಿಗರ ಮನೆಗಳಲ್ಲಿ ಅಕ್ಟೋಬರು ಬಂದಿತೆಂದರೆ ಹುದುಗಿನ ಚಿಂತೆ ಬೇರೊಂದು ರೂಪದಲ್ಲಿ ತಲೆದೋರುತ್ತದೆ. ಚಳಿಗೆ ಇಡ್ಲಿಯ ಹಿಟ್ಟು ಉಬ್ಬದೆ ಮುಷ್ಕರ ಹೂಡಿದಾಗ, ಬೆಂಕಿ ಹಚ್ಚದ ಓವನ್ನಿನೊಳಗೆ ದೀಪವೊಂದನ್ನೇ ಉರಿಸಿ, ಅದರ ಬೆಚ್ಚನೆಯಲ್ಲಿ ಪಾತ್ರೆಯನ್ನು ರಾತ್ರಿಯೆಲ್ಲ ಇಡುವ ಉಪಾಯವನ್ನು ಅಲ್ಲಿಯ ಗೃಹಿಣಿಯರೆಲ್ಲ ಬಲ್ಲರು. ಇಡ್ಲಿಯ ಹಿಟ್ಟಿನಲ್ಲಿ ಕೆಲಸ ಮಾಡುವ ಲ್ಯೂಕೊನಾಸ್ಟಾಕ್ ಎಂಬ ಬ್ಯಾಕ್ಟೀರಿಯವೂ ಲ್ಯಾಕ್ಟಿಕ್ ಆಮ್ಲದ ವರ್ಗಕ್ಕೇ ಸೇರಿದ್ದು. ಆದ್ದರಿಂದ ಮಕ್ಕಳ ಒತ್ತಾಯಕ್ಕೆ ಹುಳಿಹೆಪ್ಪನ್ನು ತಂದಿಟ್ಟುಕೊಂಡ ಕನ್ನಡಿತಿಗೆ, ಅದರ ಮೂಡುಮುಳುಗುಗಳನ್ನು ಅರಿಯಲು ಹೊಸ ಗುರುವಿನ ಅಪೇಕ್ಷೆ ಬೀಳುವುದಿಲ್ಲ. ಒಂದು ವ್ಯತ್ಯಾಸವುಂಟು: ಮಿಕ್ಕ ಇಡ್ಲಿ ಹಿಟ್ಟು ಮರುದಿನ ದೋಸೆಯಾಗಿ, ಅದರ ಮರುದಿನ ಈರುಳ್ಳಿ ಬೆರೆತು ಪಡ್ಡಾಗಿ ಮುಗಿಯುವುದರಿಂದ, ಚೆಲ್ಲುವ ಪ್ರಸಂಗವೇ ಅವಳ ಅನುಭವದಲ್ಲಿಲ್ಲ.

ಉಳಿತಾಯದ ವಿಚಾರ

ಕಡೆಗೆ ಜಮಾಖರ್ಚನ್ನು ನೋಡೋಣ. 120 ಗ್ರಾಂ ಹೆಪ್ಪಿನಲ್ಲಿರುವ ಹಿಟ್ಟು 60 ಗ್ರಾಂ. ಅದನ್ನು ಉಳಿಸುವ ಸಲುವಾಗಿ 180 ಗ್ರಾಂ ಹೊಸ ಮೈದಾವನ್ನೂ, ಎರಡು ಮೊಟ್ಟೆಗಳನ್ನೂ, ಬೆಣ್ಣೆ ಸಕ್ಕರೆಗಳನ್ನೂ, ಸೈಡರನ್ನೂ, ಓವನ್ನಿನ ವಿದ್ಯುತ್ತನ್ನೂ ವ್ಯಯಮಾಡಿದ್ದೇವೆ. ಇದನ್ನು ಮಿತವ್ಯಯವೆಂದು ಯಾವ ಕರಣಿಕನೂ ಒಪ್ಪಲಾರ. ಹಿಟ್ಟನ್ನು ನಿಜವಾಗಿ ಉಳಿಸಬೇಕೆಂಬವರು ಮಾಡಬೇಕಾದದ್ದು ಒಂದೇ: ಜಾಡಿಯಲ್ಲಿ ಎರಡು ಚಮಚ ಹೆಪ್ಪನ್ನು ಮಾತ್ರ ಇಟ್ಟುಕೊಂಡು, ಬ್ರೆಡ್ ಮಾಡುವ ಹಿಂದಿನ ದಿನವಷ್ಟೇ ಅದನ್ನು ಬೇಕಾದಷ್ಟಕ್ಕೆ ಬೆಳೆಸಿಕೊಳ್ಳುವುದು. ಆಗ ಮಿಕ್ಕುವುದೇ ಇಲ್ಲ.

ಮಿಕ್ಕದಿದ್ದರೆ ಡೋನಟ್ಟೂ ಇಲ್ಲ. ಆ ವಿವೇಕವನ್ನು ಬಲ್ಲವರೂ ಜಾಡಿಯನ್ನು ಕಿರಿದುಮಾಡದೆ ಇರುವುದಕ್ಕೆ ಕಾರಣ ಇಲ್ಲಿದೆಯೆಂದು ನನಗೆ ತೋರುತ್ತದೆ. ಹಬ್ಬವಲ್ಲದ ದಿನ ಬೆಣ್ಣೆ ಸಕ್ಕರೆಗಳ ಭಕ್ಷ್ಯಕ್ಕೆ ಒಲೆ ಹಚ್ಚಲು ಮನುಷ್ಯನ ಮನಸ್ಸು ಏನಾದರೊಂದು ಕಾರಣವನ್ನು ಬೇಡುತ್ತದೆ. ಕೆಟ್ಟುಹೋಗಬಹುದಾದ ಪದಾರ್ಥವೊಂದು ಮನೆಯಲ್ಲಿದೆಯೆಂಬುದಕ್ಕಿಂತ ನಿರಪರಾಧಿಯಾದ ಕಾರಣ ದೊರೆಯದು. ನೆಲಕ್ಕುದುರಿದ ಸೇಬು ಕೊಳೆಯಬಾರದೆಂದು ಸೈಡರ್ ಹಿಂಡಿದ ಒಕ್ಕಲಿಗನೂ, ಕರಗಿಸಿದ ಕೊಬ್ಬು ಇದೆಯೆಂದು ಕಣಕದ ತುಂಡನ್ನು ಅದಕ್ಕೆ ಬಿಟ್ಟ ಅವನ ಹೆಂಡತಿಯೂ, ತಾವು ಗೃಹಕೃತ್ಯವನ್ನು ಅಚ್ಚುಕಟ್ಟಾಗಿ ನಿರ್ವಹಿಸುತ್ತಿದ್ದೇವೆಂದೇ ಹೇಳಿಕೊಂಡಾರು; ಆ ಸಂಜೆ ಮಕ್ಕಳು ತಿಂದದ್ದು ಮಾತ್ರ ಹಬ್ಬದೂಟ. ಹೆಪ್ಪಿನ ಜಾಡಿಯನ್ನು ನೋಡಿ ಚೆಲ್ಲಬಾರದಲ್ಲವೆ ಎಂದು ಗೊಣಗುತ್ತ ಜಾಯಿಕಾಯಿಯನ್ನು ತೇಯಲು ತೊಡಗುವ ಇಂದಿನ ಗೃಹಸ್ಥ ಅವರ ಮಾತನ್ನೇ ಆಡುತ್ತಿದ್ದಾನೆ. ಮಿಕ್ಕದ್ದನ್ನು ಉಳಿಸುತ್ತೇನೆಂಬ ಅವನ ಲೆಕ್ಕ ತಪ್ಪು. ತಿಂಡಿ ಮಾತ್ರ ಸರಿಯಾಗಿಯೇ ಬೆಂದಿರುತ್ತದೆ.